ಮೂರನೇ ಸೀಟಿಗೆ ಆಮೆನ್

ಪ್ರೀತಿ ಬಗ್ಗೆ ಪ್ರಸಂಗ ಮಾಡಿ ಕೆಳಗ ಇಳದೆ ಅಂದ್ರ ಸಾಕ್ರಿ, ಆ ವಾರ ನನಗೊಂದ ಫಜೀತಿ ಗ್ಯಾರಂಟಿ.

ನಾ ಪಾಸ್ಟರ್. ಐತವಾರ ಮುಂಜಾನಿ ಗೋಕಾಕ, ಮಧ್ಯಾಹ್ನ ಮೂಡಲಗಿ, ಬುಧವಾರ ಸಂಜಿಕ ಹುಕ್ಕೇರಿ. ಮೂರೂ ಕಡೆ ಸಭಾ ಸಣ್ಣದು, ಆದ್ರ ಮಂದಿ ಬಾಯಿ ಸಣ್ಣದಲ್ಲ. ಪ್ರಸಂಗ ಮಾಡೂದ್ರಾಗ ನನ್ನ ಹಿಡಿಯವರಿಲ್ಲ ಅಂತ ನನಗ ಭಾಳ ಭರೋಸಾ. ಇಪ್ಪತ್ತ ವರ್ಷದಿಂದ ಹೇಳಾಕತ್ತೇನಿ, ಗಂಟಲ ಒಮ್ಮೆನೂ ಕೈ ಕೊಟ್ಟಿಲ್ಲ. ಆದ್ರ ನಮ್ಮ ಮಂದಿ ಕೇಳಿ ಸುಮ್ನ ಮನಿಗೆ ಹೋಗೂದಿಲ್ಲ. ಹೇಳಿದ್ದನ್ನ ಖರೇನ ಮಾಡಾಕ ಹೋಗ್ತಾರ. ತೊಂದ್ರಿ ಅಲ್ಲಿಂದ ಶುರು ಆಗತೈತಿ.

ಮೂರು ಸ್ವೆಟರ್

ಚಳಿಗಾಲದಾಗ ಮೂಡಲಗ್ಯಾಗ ಒಂದ ಪ್ರಸಂಗ ಮಾಡಿದೆ. ಎರಡ ಅಂಗಿ ಇದ್ದಾವ, ಒಂದೂ ಇಲ್ಲದವಗ ಒಂದ ಕೊಡ್ಬೇಕು ಅನ್ನೂ ಮಾತಿನ ಮ್ಯಾಲ. ಛಲೋ ಆತು. ಹೆಣ್ಮಕ್ಕಳು ಸೆರಗಿನಾಗ ಕಣ್ಣ ಒರಸಿಕೊಂಡ್ರು. ಮೊದಲನೇ ಸಾಲಿನಾಗ ಕುಂದ್ರೂ ಆಯಿ ಮಾತ್ರ ಬೆರಳ ಮಡಚಿ ಏನೋ ಎಣಿಸಾಕತ್ತಿದ್ಲು. ಆಯಿಗೆ ಎಪ್ಪತ್ತ ದಾಟಿರಬೇಕು. ಆಕಿ ಬಾಯಿಗೆ ಊರಾಗ ಎಲ್ಲಾರೂ ಅಂಜತಾರ.

ಸಭಾ ಮುಗದ ಮ್ಯಾಲ ನಮ್ಮ ಮನಿಯಾಕಿನ ಹಿಡದು ಕೇಳಿದ್ಲು, "ಏನವ್ವಾ, ಪಾಸ್ಟರ್‌ಗೆ ಸ್ವೆಟರ್ ಎಷ್ಟ ಅದಾವು?"

ನಮ್ಮಾಕಿ ಸುಮ್ನಿರಬಾರದೇನ್ರಿ? "ಮೂರ ಅದಾವ ಆಯಿ" ಅಂದ್ಲು, ದೊಡ್ಡಸ್ತನದಿಂದ.

"ಹಂಗಾರ ಬರೂ ಐತವಾರ ಎರಡ ತರ್ರಿ."

ನಾ ನಡಕ ಬಾಯಿ ಹಾಕಿದೆ. "ಆಯಿ, ಎರಡ ಇದ್ರ ಒಂದ ಕೊಡ್ರಿ ಅಂತ ಐತಿ."

"ಎರಡ ಇದ್ರ ಒಂದ. ಮೂರ ಇದ್ರ ಎರಡ ಆಗತೈತಲ್ರಿ? ಸಾಲಿಗೆ ಹೋಗದಿದ್ರೂ ಅಷ್ಟ ಲೆಕ್ಕ ನನಗ ಬರತೈತಿ."

ಕೊಟ್ಟೆ. ಅದ್ರಾಗ ಒಂದ ನೀಲಿದು, ಲಗ್ನಕ್ಕ ಮೊದಲ ನಮ್ಮಾಕಿ ಕೈಲೆ ಹೆಣದಿದ್ದು. ಕೊಡೂದ್ರಾಗ ಖುಷಿ ಐತಿ ಅಂತ ನಾನ ಹೇಳಿದ್ದೆ, ಹಿಂಗಾಗಿ ಮಾರಿ ಮ್ಯಾಲ ಖುಷಿ ಇಟ್ಕೊಂಡ ಕೊಟ್ಟೆ. ಒಂದನ್ನ ಆಯಿ ಗಂಡ ಹಾಕ್ಕೊಂಡ, ಅದು ಸರಿ. ಎರಡ ವಾರದ ಮ್ಯಾಲ ಬಸ್ಸಿನ ಕಿಡಕ್ಯಾಗಿಂದ ನೋಡ್ತೀನಿ, ಆಯಿ ಹೊಲದಾಗ ಗೋವಿನಜೋಳದ ನಡುವ ಒಂದ ಬೆದರಗೊಂಬಿ ನನ್ನ ನೀಲಿ ಸ್ವೆಟರ್ ಹಾಕ್ಕೊಂಡ ಎರಡೂ ಕೈ ಚಾಚಿ ನಿಂತೈತಿ!

ಇಳದ ಕೂಡ್ಲೆ ಕೇಳಿದೆ, "ಏನ ಆಯಿ ಇದು?"

ಆಯಿ ಹೇಳಿದ್ಲು, "ಪಾಪ, ಅದಕ್ಕ ಒಂದೂ ಇರಲಿಲ್ರಿ."

ಹತ್ತಕ್ಕ ಐದು

ಗೋಕಾಕದಾಗ ನಮ್ಮ ಪ್ರಾರ್ಥನಾ ಮಂದಿರಕ್ಕೂ ಬಾಜೂ ಮನಿಗೂ ನಡುವ ಒಂದ ಗಿಡ್ಡ ಗ್ವಾಡಿ ಅಷ್ಟೇ. ಆ ಮನ್ಯಾಗ ಇರಾವ್ರು ರಿಟಾಯರ್ ಆದ ಕನ್ನಡ ಸಾಲಿ ಮಾಸ್ತರ್ರು. ಕೊಳ್ಳಾಗ ಲಿಂಗ, ಹಣಿ ಮ್ಯಾಲ ವಿಭೂತಿ, ಮೂವತ್ತ ವರ್ಷ ಮಕ್ಕಳಿಗೆ ಒದರಿದ ಗಂಟಲ. ಅವರ ಕಿಡಕಿ, ನಮ್ಮ ಕಿಡಕಿ ಎದರಾಬದರಾ. ಅವರ ಮನ್ಯಾಗ ಚಮಚ ಬಿದ್ರ ನಮ್ಮ ಸಭಾಕ್ಕ ಕೇಳತೈತಿ. ಐತವಾರ ಹನ್ನೊಂದಕ್ಕ ಅವರ ಕುಕ್ಕರ್ ಕೂಗಾಕ ಶುರು ಮಾಡತೈತಿ. ಮೂರನೇ ಸೀಟಿ ಆತಂದ್ರ ನಮ್ಮ ಮಂದಿ ಚಪ್ಪಲಿ ಹುಡಕಾಕ ಹತ್ತತಾರ. ನಾ ಪ್ರಸಂಗದಾಗ ಎಲ್ಲೇ ಇದ್ರೂ ಆಮೆನ್ ಅನಬೇಕು.

ಮಾಸ್ತರ್ರು ನನ್ನ ದೋಸ್ತ. ಪ್ರತಿ ಶನಿವಾರ ಸಂಜಿಕ ಅವರ ಕಟ್ಟಿ ಮ್ಯಾಲ ಕುಂತು, ಚಾ ಕುಡಕೋತ, ಮರುದಿನದ ಪ್ರಸಂಗ ಓದಿ ಹೇಳ್ತಿದ್ದೆ. ಅವರು ಹತ್ತಕ್ಕ ಮಾರ್ಕ್ಸ್ ಕೊಡಾವ್ರು.

"ನಿಮ್ಮ ಯೇಸು ಸ್ವಾಮಿ ಎರಡ ಮಾತಿನ್ಯಾಗ ಹೇಳಿ ಮುಗಸ್ಯಾರ. ನೀವ್ಯಾಕ ಇಷ್ಟ ಎಳೀತೀರಿ ಪಾಸ್ಟರ್? ಐದು."

ಏಳರ ಮ್ಯಾಲ ಒಮ್ಮೆನೂ ಹೋಗಿಲ್ಲ ಆ ಮನಷ್ಯಾ.

ಇಂಥಾ ದೋಸ್ತಿ ಕೆಡಸಿದ್ದು ಒಂದ ಕಂಬಳಿಹುಳಾ. ಅವರ ನುಗ್ಗಿ ಗಿಡದ ಟೊಂಗಿ ನಮ್ಮ ಹಿತ್ತಲಕ್ಕ ಬಂದಿತ್ತು. ಅದರ ಕೆಳಗ ನನ್ನ ಬಿಳಿ ನಿಲುವಂಗಿ ಒಣಾಕ ಹಾಕಿದ್ರು. ಐತವಾರ ಅದನ್ನ ಹಾಕ್ಕೊಂಡು, ಆಶೀರ್ವಾದ ಕೊಡಾಕ ಎರಡೂ ಕೈ ಎತ್ತೇನಿ, ಬೆನ್ನಾಗ ಉರಿ ಅಂದ್ರ ಉರಿ! ಅವತ್ತಿನ ಆಶೀರ್ವಾದ ಕುಣಕೋತ ಕೊಟ್ಟೆ. ಮಂದಿ ಪವಿತ್ರಾತ್ಮ ಇಳದು ಬಂತು ಅಂತ ಚಪ್ಪಾಳಿ ಹೊಡದ್ರು.

ಸಿಟ್ಟ ನೆತ್ತಿಗೇರಿತ್ತು. ಮೂಡಲಗಿಗೆ ಹೋಗೂ ಮೊದಲ ಕೊಡ್ಲಿ ತಗೊಂಡು, ಯಾರನ್ನೂ ಕೇಳದ, ಹೂವ ತುಂಬಿದ್ದ ಟೊಂಗಿ ಕಡದ ಒಗದೆ. ಮಾಸ್ತರ್ರು ಹೊರಗ ಬಂದು, ಬಿದ್ದ ಹೂವ ನೋಡಿ, "ಒಂದ ಮಾತ ಕೇಳಬೇಕಿತ್ತು ಪಾಸ್ಟರ್" ಅಂದ್ರು.

"ಹುಳಾ ನನ್ನ ಕೇಳಿ ಬಿದ್ದಿತ್ತೇನ್ರಿ?" ಅಂದೆ.

ಅವರು ಒಳಗ ಹೋದ್ರು. ಅವತ್ತಿಂದ ಮಾತ ಬಂದ್. ಹನ್ನೊಂದ ತಿಂಗಳು. ನಮ್ಮಾಕಿ, ಅವರ ಮನಿಯವರು ಮಾತ್ರ ಗ್ವಾಡಿ ಮ್ಯಾಲೆ ಬಟ್ಟಲಾ ದಾಟಸೂದ ಬಿಡಲಿಲ್ಲ. ಆ ಕಡಿಂದ ಝುಣಕ, ಈ ಕಡಿಂದ ಚಪಾತಿ. ನಡುವ ನಾವಿಬ್ಬರೂ ಮಾರಿ ತಿರುವಿ ಅದನ್ನ ಉಣ್ಣೂದು.

"ಅವರು ಹಿರಿಯಾರು, ಅವರೇ ಬಂದು ಮಾತಾಡಸ್ಲಿ" ಅಂತ ನನ್ನ ಹಟ.

ಒಂದ ದಿನ ನಮ್ಮಾಕಿ ಕೇಳಿದ್ಲು, "ರೀ, ಪ್ರೀತಿ ಬಗ್ಗೆ ಬರಕೊಂಡ ಪ್ರಸಂಗ ಎಲ್ಲಿಟ್ಟೀರಿ?"

"ಬೈಬಲ್‌ನಾಗ ಐತಿ. ಯಾಕ?"

"ಏನಿಲ್ಲ. ಅಲ್ಲೇ ಇರ್ಲಿ ಬಿಡ್ರಿ. ಹೊರಗ ಬಂದ್ರ ಥಂಡಿ ಹತ್ತೀತು."

ಹುಕ್ಕೇರಿಗೆ ಬಂದ ಅತಿಥಿ

ಹುಕ್ಕೇರ್ಯಾಗ ಒಂದ ಬುಧವಾರ ಬ್ಯಾರೆ ಊರಿನ ಪಾಸ್ಟರ್ ಒಬ್ಬರು ಪ್ರಸಂಗಕ್ಕ ಬರಾವ್ರಿದ್ರು. ನಮ್ಮ ಮಂದಿ ಅವರನ್ನ ನೋಡಿರಲಿಲ್ಲ. ನನ್ನ ಬಸ್ ನೋಡಿದ್ರ ಘಟಪ್ರಭಾ ದಾಟಿ ಕೆಟ್ಟ ನಿಂತಿತ್ತು. ಸಭಾದ ಹಿರಿಯರಿಗೆ ಫೋನ್ ಹಚ್ಚಿ, "ಬಿಳಿ ಅಂಗಿ, ಕೈಯಾಗ ಕರಿ ಚೀಲ ಇರತೈತಿ. ಸ್ಟ್ಯಾಂಡಿಗೆ ಹೋಗಿ ಕರಕೊಂಡ ಬರ್ರಿ" ಅಂದೆ.

ನಾ ಮಾಡಿದ ತಪ್ಪ ಒಂದೇ. ಹಿಂದಿನ ವಾರ ಅತಿಥಿ ಸತ್ಕಾರದ ಮ್ಯಾಲ ಪ್ರಸಂಗ ಮಾಡಿದ್ದೆ. ಬಂದಾವ್ರನ್ನ ಯಾರು, ಎತ್ತ ಅಂತ ಕೆದರಬ್ಯಾಡ್ರಿ, ಮೊದಲ ಉಣ್ಣಾಕ ಹಾಕ್ರಿ ಅಂತ ಟೇಬಲ್ ಕುಟ್ಟಿ ಹೇಳಿದ್ದೆ.

ಹಿರಿಯರು ಅಕ್ಷರಶಃ ಪಾಲಿಸಿದ್ರು. ಬಿಳಿ ಅಂಗಿ, ಕರಿ ಚೀಲ ಕಂಡ್ತು, ಕೈ ಮುಗದು ಕರಕೊಂಡ ಬಂದ್ರು. ರೊಟ್ಟಿ, ಎಣಗಾಯಿ, ಮೊಸರ ಹಾಕಿದ್ರು. ಮಾಲಿ ಹಾಕಿದ್ರು. "ನಾಕ ಮಾತ ಹೇಳ್ರಿ" ಅಂತ ಮೈಕ್ ಕೈಯಾಗ ಕೊಟ್ರು. ಆ ಪುಣ್ಯಾತ್ಮ ಹೊಲಕ್ಕ ಹನಿ ನೀರಾವರಿ ಪೈಪ್ ಮಾರಾವ! ಇಷ್ಟ ಮಂದಿ, ಇಷ್ಟ ಮರ್ಯಾದಿ ಅವಗ ಹುಟ್ಟಿದಾಗಿಂದ ಸಿಕ್ಕಿರಲಿಲ್ಲ. ಬಿಡ್ತಾನೇನು?

ನಾ ಓಡಿ ಬಂದು ಹಿಂದ ನಿಂತಾಗ ಅವ ಹೇಳಾಕತ್ತಿದ್ದ, "ಟೊಂಗಿ ಕಡದ್ರ ಗಿಡಾ ಸಾಯಂಗಿಲ್ರಿ. ಬೇರಿಗೆ ನೀರ ಬಂದ್ ಆದ್ರ ಸಾಯತೈತಿ. ಭಾಳ ಬ್ಯಾಡ, ಹನಿ ಹನಿ ಸಾಕು, ಆದ್ರ ದಿನಾ ಬೀಳ್ಬೇಕು."

"ಹಲ್ಲೆಲೂಯ!" ಅಂತು ಸಭಾ.

ನನಗ ನುಗ್ಗಿ ಗಿಡಾ ನೆನಪಾತು. ದೋಸ್ತಿ ಒಣಗಿದ್ದು ಟೊಂಗಿ ಕಡದದ್ದಕ್ಕಲ್ಲ, ಆಮ್ಯಾಲ ಇಷ್ಟ ತಿಂಗಳು ಒಂದ ಹನಿ ಮಾತ ಹಾಕಲಿಲ್ಲ ನಾ. ಆದ್ರೂ ಹಟ ಹಟಾನೇ. ಪೈಪ್ ಮಾರಾವನಿಂದ ಕಲಿಯೂ ಪ್ರಸಂಗ ನನಗ ಬ್ಯಾಡ ಅಂತ ಮನಸಿಗೆ ಹೇಳಿಕೊಂಡೆ.

ಖರೇ ಪಾಸ್ಟರ್ರು ಸ್ಟ್ಯಾಂಡಿನಾಗ ಕುಂತು, ಎರಡ ಪ್ಲೇಟ್ ಮಿರ್ಚಿ ತಿಂದು, ವಾಪಸ್ ಹೋಗಿದ್ರು. ಹಿರಿಯರಿಗೆ ಎಲ್ಲಾ ಬಿಡಿಸಿ ಹೇಳಿದೆ. ಅವರಿಗೇನೂ ಬ್ಯಾಸರ ಆಗಲಿಲ್ಲ.

"ಬರೂ ತಿಂಗಳೂ ಇವರನ್ನ ಕರೀರಿ ಪಾಸ್ಟರ್ರ. ಹನ್ನೆರಡ ನಿಮಿಷದಾಗ ಮುಗಸಿದ್ರು. ಮ್ಯಾಲ ಐದ ವರ್ಷ ಗ್ಯಾರಂಟಿ ಕೊಟ್ಟಾರ. ನೀವು ಒಮ್ಮೆರ ಕೊಟ್ಟೀರೇನು?"

ಕೋಳಿ ಕಟ್ಟಿ ಹೋದಾಕಿ

ಸುಗ್ಗಿ ಹಬ್ಬಕ್ಕ ಮೂರೂ ಊರಿನ ಸಭಾ ಗೋಕಾಕದಾಗ ಕೂಡತೈತಿ. ಬೆಳದದ್ರಾಗ ಮೊದಲನೇದನ್ನ ತಂದು ವೇದಿ ಮುಂದ ಇಡೂದು ಪದ್ಧತಿ. ಈ ಸಲ ಬೆಲ್ಲದ ಪೆಂಟಿ ಬಂದಿದ್ವು, ಕಬ್ಬ ಬಂದಿದ್ವು, ಗೋವಿನಜೋಳ ಬಂದಿತ್ತು. ಕೊಣ್ಣೂರಿಂದ ಬಂದ ಒಬ್ಬಾಕಿ ಜೀವಂತ ಕೋಳಿ ತಂದಿದ್ಲು.

ಅವತ್ತ ಓದೂ ಪಾಠ ನೋಡ್ರಿ ಎಂಥಾದ ಬಂದಿತ್ತು. ಕಾಣಿಕಿ ತಂದಾಗ, ನಿನ್ನ ಮ್ಯಾಲ ಯಾರಿಗರ ಬ್ಯಾಸರ ಐತಿ ಅಂತ ನೆನಪಾದ್ರ, ಕಾಣಿಕಿ ಅಲ್ಲೇ ಬಿಡು, ಮೊದಲ ಹೋಗಿ ಒಂದಾಗು, ಆಮ್ಯಾಲ ಬಾ ಅನ್ನೂದು. ನಾ ಏರ ದನಿಯಿಂದ ಶುರು ಮಾಡಿದೆ. ಹತ್ತ ನಿಮಿಷ ಆಗಿರಲಿಲ್ಲ, ಕೊಣ್ಣೂರಾಕಿ ಎದ್ದು ಬಂದು ಕೋಳಿನ ವೇದಿ ಕಾಲಿಗೆ ಕಟ್ಟಿದ್ಲು.

"ಪಾಸ್ಟರ್ರ, ಕೋಳಿ ಕಡೆ ಲಕ್ಷ ಇರ್ಲಿ. ಕೊಣ್ಣೂರಿಗೆ ಹೋಗಿ ಬರ್ತೀನಿ."

"ಈಗ ಯಾಕವ್ವಾ?"

"ಮೈದುನನ ಹೆಂಡ್ತಿ ಕೂಡ ಮಾತ ಬಿಟ್ಟೇನ್ರಿ. ಲಗ್ನದಾಗ ನನ್ನ ಹೋಳಿಗಿ ಮ್ಯಾಲ ಆಕಿ ತುಪ್ಪಾ ಹಾಕಲಿಲ್ಲ. ಅದಕ್ಕ ನಾಕ ಮಂದ್ಯಾಗ ಆಕಿ ಮಾನ ಕಳದೆ."

"ಪ್ರಸಂಗ ಮುಗದ ಮ್ಯಾಲ ಹೋಗು."

"ಮೊದಲ ಹೋಗು ಅಂತ ಈಗ ನೀವ ಓದಿದ್ರಿ!" ಅಂದಾಕಿ ಹೊಂಟ ಬಿಟ್ಲು.

ಆಕಿ ಹೋಗೂದ ತಡ, ಸಾಲ ಹತ್ತಿ ಎದ್ರು ನೋಡ್ರಿ. ಮಾತ ಬಿಟ್ಟಿದ್ದ ಮಮದಾಪುರದ ಅಣ್ಣ ತಮ್ಮ ಇಬ್ರೂ ಹೊರಗ ಹೋದ್ರು. ಹುಕ್ಕೇರಿ ಹಿರಿಯರು ಅಳಿಯಗ ಫೋನ್ ಹಚ್ಚಾಕ ಹೋದ್ರು. ಅರ್ಧ ಖುರ್ಚಿ ಖಾಲಿ. ಮುಂದ ನಾ, ಬೆಲ್ಲ, ಕೋಳಿ, ಮತ್ತ ಮೂಡಲಗಿ ಆಯಿ.

ಆಯಿ ಕುಂತಲ್ಲಿಂದ ಕೇಳಿದ್ಲು, "ಪಾಸ್ಟರ್ರ, ಬಾಜೂ ಮನಿ ಮಾಸ್ತರ್ರ ಕೂಡ ನಿಮಗ ಮಾತಿಲ್ಲಂತಲ್ರಿ?"

"ಯಾರ ಹೇಳಿದ್ರು?"

"ಮೂಡಲಗಿ ತನಕಾ ಸುದ್ದಿ ಐತ್ರಿ."

ನಾ ನಮ್ಮಾಕಿ ಕಡೆ ನೋಡಿದೆ. ಆಕಿ ಕೋಳಿ ಕಡೆ ನೋಡಿದ್ಲು.

"ಅವರ ಬರ್ಲಿ ಅಂತ ಕಾಯಾಕತ್ತೇನಿ ಆಯಿ."

"ಕೊಡ್ಲಿ ನೀವ ಹಿಡದ್ರಿ. ಅವರ್ಯಾಕ ಬರ್ಬೇಕು?"

ನಾ ಬೈಬಲ್ ಹಾಳಿ ಹಿಂದ ಮುಂದ ತಿರುವಿದೆ. ಅಷ್ಟರಾಗ ಬಾಜೂ ಮನಿ ಕುಕ್ಕರ್ ಮೊದಲನೇ ಸೀಟಿ ಹೊಡೀತು. ಕೋಳಿ ವೇದಿ ಕೆಳಗ ಒಂದ ತತ್ತಿ ಇಟ್ಟಿತ್ತು. ಅದರ ಕೆಲಸಾ ಅದು ಮಾಡಿ ಮುಗಸಿತ್ತು.

ಖರೇ ಹೇಳ್ತೀನಿ, ನನಗ ಅಂಜಿಕಿ ಇತ್ತು. ಹೋದಾಗ ಮಾಸ್ತರ್ರು ಬಾಗಲಾ ಹಾಕ್ಕೊಂಡ್ರ? ಇಪ್ಪತ್ತ ವರ್ಷ ಹೇಳಿದ ಮಾತ ನನ್ನ ಬಾಯಾಗ ಸುಳ್ಳ ಆಗತೈತಿ. ಹೋಗದಿದ್ರೂ ಸುಳ್ಳ ಆಗತೈತಿ. ಮ್ಯಾಲ, ಅವರಿಲ್ಲದ ಶನಿವಾರ ನನಗ ಭಾಳ ಒಣಾ ಒಣಾ ಅನಸತಿತ್ತು. ಎರಡನೇ ಸೀಟಿ ಆತು. ಬೈಬಲ್ ಮುಚ್ಚಿ ಕೋಳಿ ಬಾಜೂಕ ಇಟ್ಟೆ, ನಿಲುವಂಗಿ ಎತ್ತಿ ಹಿಡದು ನಡದೆ.

ಬಾಗಲಾ ಬಡದೆ.

"ಯಾರು?" ಒಳಗಿಂದ ಸಾಲಿ ದನಿ.

"ನಾ, ಪಾಸ್ಟರ್."

ಬಾಗಲಾ ತಗದ್ರು. ನನ್ನ ಮ್ಯಾಲಿಂದ ಕೆಳಗ ನೋಡಿ, "ಇನ್ನ ಒಂದ ಸೀಟಿ ಬಾಕಿ ಐತಲ್ಲ" ಅಂದ್ರು.

"ಮಾಸ್ತರ್ರ, ತಪ್ಪಾತು. ಗಿಡಾ ನಿಮ್ಮದು. ಕೇಳದ ಕಡದೆ. ಮ್ಯಾಲ ಒರಟ ಮಾತಾಡಿದೆ. ತಪ್ಪಾತ್ರಿ."

ಮಾಸ್ತರ್ರು ಮಾರಿ ತಿರುವಿ ಒಳಗ ಹೋದ್ರು. ಮುಗೀತು ಅಂದ್ಕೊಂಡೆ. ಕೈಯಾಗ ಒಂದ ವಹಿ ಹಿಡಕೊಂಡ ತಿರುಗಿ ಬಂದ್ರು. ಚಸ್ಮಾ ಏರಿಸಿ, ಹಾಜರಿ ಕೂಗೂ ದನಿಯಿಂದ ಓದಾಕ ಶುರು ಮಾಡಿದ್ರು.

"ಈಸ್ಟರ್ ಪ್ರಸಂಗ: ಐದು. ಗದ್ದಲ ಭಾಳ. ತಾಳ್ಮಿ ಬಗ್ಗೆ: ನಾಕು. ಹೇಳಾವ್ರಿಗೇ ಇರಲಿಲ್ಲ. ಕ್ಷಮಾ ಬಗ್ಗೆ: ಎರಡು. ಹೋದ ವಾರ: ಮೂರು. ಹೋದ ವರ್ಷದ್ದನ್ನ ಬಿಸಿ ಮಾಡಿ ಬಡಸ್ಯಾರ."

ಹಿಂದಿಂದ ನಗಿ ಸ್ಫೋಟ ಆತು. ತಿರುಗಿ ನೋಡಿದ್ರ ನಮ್ಮ ಮಂದಿರದ ಕಿಡಕಿ ತುಂಬ ಮಾರಿಗಳು. ಹೊರಗ ಹೋಗಿದ್ದ ಅಣ್ಣ ತಮ್ಮನೂ ಕಿಡಕಿಯ ಒಂದೇ ಕಬ್ಬಿಣದ ಸಳಿ ಹಿಡಕೊಂಡ ನಿಂತಾರ!

"ಹನ್ನೊಂದ ತಿಂಗಳೂ ಕೇಳೀರೇನ್ರಿ?" ನಾ ಕೇಳಿದೆ.

"ನಾ ಕಿಡಕಿ ಮುಚ್ಚಿರಲಿಲ್ಲ ಪಾಸ್ಟರ್. ನೀವ ಈ ಕಡೆ ನೋಡಲಿಲ್ಲ."

ನನಗ ಅಳು ಬಂತು. ಕಣ್ಣ ಒರಸಿಕೊಳ್ಳಾಕ ಕೈ ಎತ್ತಿದೆ.

"ಅಲಗಬ್ಯಾಡ್ರಿ!" ಅಂತ ಒದರಿದ್ರು ಮಾಸ್ತರ್ರು. ಕಡದ ನುಗ್ಗಿ ಮತ್ತ ಚಿಗತು, ಒಂದ ಟೊಂಗಿ ಬಾಗಲದಾಗ ನಿಂತ ನಮ್ಮ ತಲಿ ಮ್ಯಾಲ ಬಂದಿತ್ತು. ನನ್ನ ಭುಜದ ಮ್ಯಾಲ ಹರಿಯೂ ಕಂಬಳಿಹುಳಾನ ವಹಿ ಮ್ಯಾಲ ಏರಿಸಿಕೊಂಡು, ಗಿಡಕ್ಕ ಬಿಟ್ಟ ಬಂದು ಅಂದ್ರು, "ಇದೂ ನಿಮ್ಮನ್ನ ಕೇಳಿ ಬಿದ್ದಿಲ್ಲ, ನೋಡಕೋರಿ."

ಆಮ್ಯಾಲ ಕಿಸೆಯೊಳಗಿಂದ ಪೆನ್ ತಗದ್ರು. ಕಿಡಕ್ಯಾಗಿನ ಮಂದಿ ಒಬ್ಬರ ಮ್ಯಾಲೊಬ್ಬರು ಬಗ್ಗಿ ನೋಡಿದ್ರು.

"ಇವತ್ತಿನದು," ಅಂತ ಬರಕೋತ ಓದಿದ್ರು, "ಪ್ರಸಂಗಕ್ಕ ನಾಕು. ನಡಕೊಂಡ ಬಂದದ್ದಕ್ಕ ಆರು."

ಅದೇ ಹೊತ್ತಿಗೆ ಕುಕ್ಕರ್ ಮೂರನೇ ಸೀಟಿ ಹೊಡೀತು. ಕಿಡಕ್ಯಾಗಿಂದ ಆಯಿ ಒದರಿದ್ಲು:

"ಹತ್ತಕ್ಕ ಹತ್ತೂ ಆತು, ಸೀಟಿನೂ ಆತು! ಅಲ್ಲಿಂದಾನ ಆಮೆನ್ ಅನ್ರಿ ಪಾಸ್ಟರ್ರ, ಹೊಟ್ಟಿ ಹಸದೈತಿ!"