ಭಾವ ಬಳಿಯುವ ಕಪ್ಪು

ನಮ್ಮ ಭಾವನ ಕಣ್ಣು ಎರಡೂ ಚೆನ್ನಾಗಿವೆ. ಆದರೆ ಬೇಕಾದದ್ದಕ್ಕಿಂತ ಹೆಚ್ಚು ನೋಡುವುದು ಅವರ ಪ್ರಕಾರ ದುಂದು! ಟೀವಿಯ ಕೆಳಗೆ ಓಡುವ ಸುದ್ದಿಯ ಸಾಲಿಗೆ ಕಪ್ಪು ಟೇಪು ಅಂಟಿಸಿದ್ದಾರೆ. ಅಕ್ಕನೊಂದಿಗಿನ ಅವರ ಮದುವೆಯ ಫೋಟೋದಲ್ಲಿ ಕಣ್ಣು ಮುಚ್ಚಿ ನಿಂತ ಒಬ್ಬ ನೆಂಟನ ಮೇಲೂ ಟೇಪು. ಆ ನೆಂಟ ಬೇರೆ ಯಾರೂ ಅಲ್ಲ, ನಾನು!

ಇದು ಕಸುಬಿನಿಂದ ಅಂಟಿದ ರೋಗ. ಕುಂದಾಪುರ, ಬ್ರಹ್ಮಾವರದ ಮದುವೆ ಹಾಲ್‌ಗಳಲ್ಲಿ ಎರಡು ಪ್ರೊಜೆಕ್ಟರ್ ಇಟ್ಟು ವೇದಿಕೆಯಗಲದ ಒಂದೇ ಚಿತ್ರ ಮೂಡಿಸುವುದು ಅವರ ಕೆಲಸ. ಬಿ.ಎಸ್ಸಿ. ಮುಗಿಸಿದ ನಾನು ಜೊತೆಗಾರ. ಎರಡು ಚಿತ್ರಗಳ ಅಂಚು ಕೂಡಬೇಕಲ್ಲ? ಅದಕ್ಕೆ ಮೊದಲು ಪರದೆಯ ಮೇಲೆ ಬಿಳಿ ಚುಕ್ಕಿಗಳನ್ನು ಬಿಡುತ್ತಾರೆ. ಎದುರಿಗಿಟ್ಟ ಕ್ಯಾಮೆರಾ ಅವನ್ನು ನೋಡುತ್ತದೆ, ಲ್ಯಾಪ್‌ಟಾಪು ಅದರಂತೆ ಚಿತ್ರವನ್ನು ಎಳೆದು ಹೊಂದಿಸುತ್ತದೆ. ಪಾಪ, ಕ್ಯಾಮೆರಾಕ್ಕೆ ಹೊಳೆಯುವುದೆಲ್ಲ ಚುಕ್ಕಿಯೇ! ಒಮ್ಮೆ ಅಡುಗೆಯವರು ಕೊಪ್ಪರಿಗೆಯ ಮುಚ್ಚಳ ಹೊತ್ತು ಪರದೆಯ ಪಕ್ಕ ಹಾದುಹೋದರು, ಅಷ್ಟೇ. ಮದುಮಗಳ ಮೂಗು ಅಡುಗೆಮನೆಯ ಕಡೆಗೆ ಎರಡಡಿ ಬೆಳೆಯಿತು. ಹುಡುಗಿ ನೋಡಲು ಹೋದಾಗ ಇಷ್ಟು ಇರಲಿಲ್ಲ ಎಂದು ಅವಳ ಅತ್ತೆಯಾಗುವವರು ಭಾವನನ್ನೇ ವಿಚಾರಿಸಿಕೊಂಡರು.

ಅಂದಿನಿಂದ ಭಾವ, ಲ್ಯಾಪ್‌ಟಾಪಿನಲ್ಲಿ ಬರುವ ಕ್ಯಾಮೆರಾದ ನೋಟದಲ್ಲಿ ಪರದೆಯೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಕಪ್ಪು ಬಳಿಯತೊಡಗಿದರು. ಅದಕ್ಕೆ ಮಾಸ್ಕ್ ಎನ್ನುತ್ತಾರೆ. ಸಾಲದ್ದಕ್ಕೆ ತಾವೂ ಕಪ್ಪು ಶಾಲು ಹೊದ್ದು ಲ್ಯಾಪ್‌ಟಾಪಿನೊಂದಿಗೆ ಒಳಗೆ ಕೂರುವರು. ಮೈಮೇಲೆ ಬಂದಿರಬೇಕೆಂದು ಅಜ್ಜಿಯೊಬ್ಬರು ಕೈಮುಗಿದು ಹೋದದ್ದೂ ಉಂಟು! ದೀಪ, ಬಾಗಿಲು, ಜನ ಎಲ್ಲ ಮುಚ್ಚಿದರೆ ಉಳಿಯುವುದೇನು ಎಂದು ಒಮ್ಮೆ ಕೇಳಿದೆ.

"ಕೆಲ್ಸ," ಎಂದರು.

ಬೈಂದೂರಿನ ಒಂದು ಹಾಲ್‌ನಲ್ಲಿ ಪರದೆಯ ಬಲಗಡೆ ಕಬ್ಬಿಣದ ಪೈಪುಗಳ ಅಟ್ಟ ಕಟ್ಟಿದ್ದೆವು. ಹದಿನಾಲ್ಕು ಅಡಿ ಎತ್ತರ, ಕೆಳಗೆ ಗ್ರಾನೈಟ್ ನೆಲ. ಮೇಲೆ ನಿಂತು ನಾನು ಪರದೆಯ ಹಗ್ಗ ಬಿಗಿಯುತ್ತಿದ್ದೆ. ಪೈಪು ಹಿಡಿದಿದ್ದ ಹೊಸ ಕ್ಲಾಂಪು ಸಡಿಲಾಗಿ, ನಾನು ಮಿಸುಕಿದಾಗಲೆಲ್ಲ ಅಲುಗಿ ಹೊಳೆಯುತ್ತಿತ್ತಂತೆ. ನನಗೇನು ಗೊತ್ತು?

ಶಾಲಿನೊಳಗಿಂದ ಭಾವನ ದನಿ ಬಂತು: "ಬಲ್ಗಡಿ ಎಂತದೋ ಮಿಂಚ್ತಾ ಇತ್ತ್ ಮಾರಾಯ."

"ಎಂತ ಅಂದೇಳಿ ಕಾಣಿ ಭಾವ."

"ಕಾಂಬುದ್ ಎಂತಕೆ? ಮುಚ್ದೆ."

ಕ್ಲಾಂಪಿನ ಜೊತೆಗೆ ನನ್ನನ್ನೂ ಮುಚ್ಚಿದ್ದರು!

ಮರುಕ್ಷಣ ಅಟ್ಟ ಕಿರ್ರೆಂದು ವಾಲಿತು. ಕೂಗಿದೆ. ಅಲುಗಬೇಡ, ಚಿತ್ರ ಈಗಷ್ಟೇ ಸಮ ಕೂತಿದೆ ಎಂಬ ಸಮಾಧಾನದ ಉತ್ತರ ಶಾಲಿನೊಳಗಿಂದ ಬಂತು. ಚಾ ತಂದಿದ್ದ ಅಕ್ಕ ಫ್ಲಾಸ್ಕು ಬಿಸಾಡಿ ಶಾಲನ್ನೇ ಕಿತ್ತೆಳೆದಳು.

"ಹ್ವಾಯ್, ಅವ ಬೀಳ್ತ!"

ಭಾವ ಓಡಿ ಬಂದದ್ದನ್ನು ನಾನು ನೋಡಲಿಲ್ಲ. ನೋಡಿದ್ದು ವಾಲಿದ ಪೈಪಿಗೆ ಕೊಟ್ಟ ಅವರ ಹೆಗಲನ್ನು, ಮೇಲಕ್ಕೆತ್ತಿದ ಮುಖವನ್ನು. ನಾನು ಇಳಿದು ನೆಲ ಮುಟ್ಟುವವರೆಗೂ ಆ ಹೆಗಲು ಕದಲಲಿಲ್ಲ. ಇವತ್ತಿಗೂ ಬಸ್ಸಿನ ಬಾಗಿಲು ಕಿರ್ರೆಂದರೆ ನನ್ನ ಅಂಗೈ ಬೆವರುತ್ತದೆ. ಕಂಡಕ್ಟರು ಚಿಲ್ಲರೆ ಕೇಳಿದರೆ ಒದ್ದೆ ಚಿಲ್ಲರೆ ಕೊಡುತ್ತೇನೆ!

ವಾರದ ಮೇಲೆ ಕುಂದಾಪುರದಲ್ಲಿ ಮತ್ತೊಂದು ಮದುವೆ. ಅಂದು ಏಕೋ ಚಿತ್ರ ಹೊಂದಲೇ ಇಲ್ಲ. ಒಂದು ಸಲ ಸೊಟ್ಟ, ಇನ್ನೊಂದು ಸಲ ಸೊಟ್ಟ, ಮೂರನೆಯ ಸಲವೂ ಸೊಟ್ಟ. ಏಣಿಯಿಂದ ಇಳಿದು ಬಂದು ನೋಡಿದರೆ ಶಾಲು ಮಡಚಿ ಕುರ್ಚಿಯ ಮೇಲಿದೆ. ಲ್ಯಾಪ್‌ಟಾಪಿನಲ್ಲಿ ಪರದೆಯ ಸುತ್ತ ಎಂದಿನಂತೆ ಕಪ್ಪು. ಆದರೆ ಬಲಗಡೆ ಆ ಕಪ್ಪಿನಲ್ಲಿ ಒಂದು ರೊಟ್ಟಿಯಗಲದ ತೂತು. ತೂತಿನಲ್ಲಿ ನನ್ನ ಅಲ್ಯುಮಿನಿಯಂ ಏಣಿ ಥಳಥಳ ಹೊಳೆಯುತ್ತಿದೆ!

"ಆ ತೂತ್ ಮುಚ್ಚಿ ಭಾವ. ಇಲ್ದಿರೆ ಕೆಲ್ಸ ಆತಿಲ್ಲೆ."

ಭಾವ ತಲೆಯೆತ್ತಲಿಲ್ಲ. ನಾಲ್ಕನೆಯ ಸಲ ಮೊದಲಿನಿಂದ ಶುರು ಮಾಡುತ್ತಿದ್ದರು.

"ಕೆಲ್ಸ ಇರ್ಲಿ. ನೀ ಮೇಲ್ ಹತ್ತಿದಾಗ ನಂಗೆ ಕಾಣ್ಕ್."