ಮೂಲ ಬಣ್ಣದ ಮರ್ಯಾದೆ

"ನನ್ನ ಸೈಕಲ್ಲು ನನಗಿಂತ ಮೊದಲು ಮುರಿಯೋದಿಲ್ಲ!"

ಅರವತ್ತೆಂಟರ ರೆಮೊ ಹೀಗೆ ಘೋಷಿಸಿದಾಗ ಟಸ್ಕನಿಯ ಆ ಗುಡ್ಡದೂರಿನ ಕಾಫಿ ಅಂಗಡಿಯಲ್ಲಿದ್ದವರೆಲ್ಲ ತಲೆದೂಗಿದರು. ಒಬ್ಬಳು ತೂಗಲಿಲ್ಲ. ಅವಳು ಹೆಂಡತಿ ಎರ್ಸಿಲಿಯಾ; ಮೂವತ್ತು ವರ್ಷ ಕಾರ್ಖಾನೆಯಲ್ಲಿ ಸೈಕಲ್ ಫ್ರೇಮಿಗೆ ಹಿತ್ತಾಳೆ ಬೆಸುಗೆ ಹಾಕಿದವಳು.

ಹಳೆಯ ಉಕ್ಕಿನ ಸೈಕಲ್ಲುಗಳ ವಾರ್ಷಿಕ ಸವಾರಿ ಮರುದಿನವೇ ಇತ್ತು; ಬಿಡಿಭಾಗ, ಉಡುಪು ಎಲ್ಲವೂ ಹಳೆಯ ಕಾಲದ್ದೇ ಇರಬೇಕೆಂಬುದು ಅದರ ನಿಯಮ. ರೆಮೊನದು ಅಪ್ಪ ಓಡಿಸಿದ ಆಕಾಶನೀಲಿ ಸೈಕಲ್. ಬಣ್ಣ ಕೂಡ ಅಪ್ಪನ ಕಾಲದ್ದೇ!

"ಹ್ಯಾಂಡಲ್ ಕೆಳಗೆ, ಬೆಸುಗೆ ಪಕ್ಕ ಕೂದಲೆಳೆಯಷ್ಟು ತುಕ್ಕಿನ ಗೆರೆ ಇದೆ. ಬಣ್ಣ ಕೆರೆದು ನೋಡು," ಎಂದಳು ಎರ್ಸಿಲಿಯಾ.

"ಕೆರೆಯೋದಾ? ಅಪ್ಪನ ಬಣ್ಣ ಕಣೇ! ಅದು ವಯಸ್ಸಿನ ಸುಕ್ಕು."

"ಸುಕ್ಕು ಕಿರುಗುಟ್ಟಲ್ಲ, ರೆಮೊ. ಒಂದು ವಾರದಿಂದ ಕಿರ್ ಕಿರ್ ಅಂತಿದೆ."

"ಅದು ಸೀಟಿನ ಚರ್ಮ!"

ಸೀಟಿಗೆ ಎಣ್ಣೆ ಹಚ್ಚಿದ. ಕಿರುಗುಟ್ಟಿತು. ಸರಪಳಿಗೆ ಹಚ್ಚಿದ. ಮತ್ತೂ ಕಿರುಗುಟ್ಟಿತು. ಉಕ್ಕು ಪಾಪ ಬೊಬ್ಬೆ ಹೊಡೆದು ಹೇಳುತ್ತಿತ್ತು. ಕೇಳಬೇಕಾದ ಕಿವಿಯಲ್ಲಿ ಅಭಿಮಾನದ ಹತ್ತಿ!

ಬೆಳಿಗ್ಗೆ ಚೌಕದಲ್ಲಿ ತಪಾಸಣೆ. ತಪಾಸಕ ಗಾಸ್ಪರೆ ಭೂತಗನ್ನಡಿ ಹಿಡಿದು ಬಂದ. ಕಾಲುಚೀಲ ಉಣ್ಣೆಯದೇ? ಹೌದು. ಗೇರ್ ಬದಲಿಸುವ ಹಿಡಿ ಹಳೆಯದೇ? ಹೌದು. ಫ್ರೇಮು ಗಟ್ಟಿಯಿದೆಯೇ? ಆ ಪ್ರಶ್ನೆ ಪಟ್ಟಿಯಲ್ಲೇ ಇರಲಿಲ್ಲ! ಮನುಷ್ಯನ ಕುತ್ತಿಗೆಗಿಂತ ಕಾಲುಚೀಲದ ವಂಶಾವಳಿ ದೊಡ್ಡದೆಂದು ಬಗೆದ ಪಟ್ಟಿಗೆ ನಾಚಿಕೆಯಾದರೂ ಎಲ್ಲಿಂದ ಬರಬೇಕು?

"ಮೂಲ ಬಣ್ಣಕ್ಕೆ ಮೊದಲ ಬಹುಮಾನ!" ಎಂದು ಗಾಸ್ಪರೆ ರಿಬ್ಬನ್ ಕಟ್ಟಿದ.

ರೆಮೊ ದಿಗ್ವಿಜಯದ ಚಕ್ರವರ್ತಿಯಂತೆ ಚೌಕ ಸುತ್ತಿ, ಫೋಟೊಗೆಂದು ತಿಂಡಿಯ ಮೇಜಿನ ಮುಂದೆ ಗಕ್ಕನೆ ಬ್ರೇಕ್ ಹಿಡಿದ. ಟಪ್! ಸೈಕಲ್ಲು ಮೂತಿ ಮುರಿದು ನೆಲ ಕಚ್ಚಿತು. ಚಕ್ರವರ್ತಿಗಳು ಜಾಮು ಸವರಿದ ಬ್ರೆಡ್ಡಿನ ಮೇಲೆ ಪಟ್ಟಾಭಿಷಿಕ್ತರಾದರು.

"ಬಣ್ಣ... ಬಣ್ಣಕ್ಕೇನೂ ಆಗಿಲ್ಲ ತಾನೆ?" ಎಂದು ನರಳಿದ.

"ಬಣ್ಣ ಗಟ್ಟಿಯಾಗಿದೆ. ಫ್ರೇಮಿನ ಕೊಳವೆ ಎರಡಾಗಿದೆ." ಎರ್ಸಿಲಿಯಾ ಅವನ ಗಲ್ಲದ ರಕ್ತ ಒರೆಸಿ, ಗುಡ್ಡದ ಬಿಳಿ ಜಲ್ಲಿರಸ್ತೆ ತೋರಿಸಿದಳು. "ಇನ್ನು ಹತ್ತು ನಿಮಿಷ ಕಳೆದಿದ್ರೆ ನೀನು ಆ ಇಳಿಜಾರಲ್ಲಿ ಇರ್ತಿದ್ದೆ."

ರೆಮೊ ಸೈಕಲ್ಲಿನ ರಿಬ್ಬನ್ ಬಿಚ್ಚಿ ಅವಳ ಕೈಗಿಟ್ಟ.

ಮುಂದಿನ ವರ್ಷ ಗಾಸ್ಪರೆ ಮೂಗು ಮುರಿದ: "ಈ ಕೊಳವೆ ಹೊಸದು. ಬಣ್ಣವೂ ಇಲ್ಲ. ಬಹುಮಾನ ಇಲ್ಲ!"

"ಬಣ್ಣ ಬೇಡ ಅಂತ ನಾನೇ ಹೇಳ್ದೆ, ಬೆಸುಗೆ ನಾಲ್ಕು ಜನಕ್ಕೆ ಕಾಣ್ಲಿ ಅಂತ," ರೆಮೊ ಎದೆಯುಬ್ಬಿಸಿದ. "ನನ್ನ ಹೆಂಡತಿ ಕೈಕೆಲಸ ಇದು! ಇನ್ನು ನೋಡ್ತಿರು, ಈ ಸೈಕಲ್ಲು ನನಗಿಂತ ಮೊದಲು..."

"ಗಾಸ್ಪರೆ, ಹಿತ್ತಾಳೆ ಸ್ವಲ್ಪ ಉಳಿದಿತ್ತು," ಎಂದಳು ಎರ್ಸಿಲಿಯಾ. "ಇವನ ಬಾಯಿಗೂ ಹಾಕಿಬಿಡಬೇಕಿತ್ತು."