ಬಿಳಿ ಗೋಡೆಯ ಮೇಲೆ ವಿಭೂತಿ

ನನಗೆ ಭಾರೀ ಅಭಿರುಚಿ ಇದೆ ಎಂಬ ನಂಬಿಕೆ ನನ್ನ ತಲೆಯಲ್ಲಿ ಯಾವಾಗ ಹೊಕ್ಕಿತೋ ಗೊತ್ತಿಲ್ಲ, ಹೊಕ್ಕಿದ್ದಂತೂ ನಿಜ. ಶರ್ಟ್ ತರಲು ಹೋದರೆ ಅಂಗಡಿಯವನಿಗೇ ಬಣ್ಣದ ಪಾಠ ಹೇಳುತ್ತೇನೆ. ಕಚೇರಿಗೆ ಮದುವೆ ಕಾರ್ಡ್ ಬಂದರೆ, ಹುಡುಗ ಯಾರು ಹುಡುಗಿ ಯಾರು ಎಂದು ನೋಡುವ ಮೊದಲೇ ಅಕ್ಷರ ದಪ್ಪವಾಯಿತು ಎಂದು ಮುಖ ಸಿಂಡರಿಸುತ್ತೇನೆ. ಇಂಥ ಮನುಷ್ಯನ ಕೈಗೆ ಅಡುಗೆಮನೆಯ ಗೋಡೆ ಸಿಕ್ಕರೆ ಏನಾಗುತ್ತದೆ? ಆದದ್ದನ್ನೇ ಹೇಳುತ್ತೇನೆ.

ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಒಲೆಯ ಹಿಂದಿನ ಗೋಡೆ ಎಣ್ಣೆ ಕುಡಿದೂ ಕುಡಿದೂ ಕಂದು ಬಣ್ಣಕ್ಕೆ ತಿರುಗಿತ್ತು. ಅಲ್ಲಿ ಟೈಲ್ಸ್ ಹಾಕಿಸಬೇಕೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವನು ನಾನೇ. ಹದಿನೈದು ದಿನ ಫೋನ್ ಹಿಡಿದು ಕೂತು ಊರೂರ ಅಡುಗೆಮನೆಗಳ ಫೋಟೋ ನೋಡಿದೆ. ಒಂದು ನನ್ನ ಮನಸ್ಸು ಸೂರೆಗೊಂಡಿತು: ಕಟ್ಟೆಯಿಂದ ಕಪಾಟಿನವರೆಗೆ ಅಚ್ಚ ಬಿಳಿ ಟೈಲ್ಸ್, ಮುಂದೆ ಒಂದೇ ಒಂದು ನಿಂಬೆಹಣ್ಣು. ಅಲ್ಲಿ ಯಾರೂ ಅಡುಗೆ ಮಾಡುತ್ತಿರಲಿಲ್ಲ ಎಂಬುದು ನನಗಾಗ ಹೊಳೆಯಲಿಲ್ಲ. ಕಚೇರಿಯ ನಾಲ್ಕು ಜನಕ್ಕೆ ತೋರಿಸಿದೆ. ಚಹಾ ಅಂಗಡಿಯವನಿಗೂ ತೋರಿಸಿದೆ. "ದವಾಖಾನಿ ಇದ್ದಂಗೈತೆ ಸಾರ್, ಚಲೋ ಐತೆ" ಅಂದ. ನಾನು ಎರಡನೆಯ ಮಾತನ್ನಷ್ಟೇ ಕೇಳಿಸಿಕೊಂಡೆ. ಟೈಲ್ಸ್ ಅಂಗಡಿಯಾತ ಹಣ್ಣಿನ ಬುಟ್ಟಿ, ಕಪ್ಪು-ಬಸಿಯ ಚಿತ್ರ ಇರುವ ಟೈಲ್ಸ್ ಹರವಿ, "ಎಲ್ಲಾರೂ ಇದನ್ನೇ ಒಯ್ತಾರ್ರಿ" ಎಂದ. ಎಲ್ಲರೂ ಒಯ್ಯುವುದನ್ನು ಒಯ್ಯಲು ನನ್ನಂಥವನು ಯಾಕೆ ಬೇಕು? ಹೆಂಡತಿ ಗಿರಿಜಾ ಮತ್ತು ನಮ್ಮವ್ವ ಶಾಮನೂರಿನ ನೆಂಟರ ಮದುವೆಗೆಂದು ಎರಡು ದಿನ ಹೋದದ್ದೇ ತಡ, ಗೌಂಡಿಯನ್ನು ಕರೆಸಿ ಬಿಳಿ ಟೈಲ್ಸ್ ಹಾಕಿಸಿಯೇಬಿಟ್ಟೆ. ಬಂದವರು ದಂಗಾಗಲಿ ಎಂದು.

ದಂಗಾದರು. ಗಿರಿಜಾ ಹೊಸ್ತಿಲಲ್ಲೇ ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟಳು. ನಾನು ಸಂತೋಷ ಎಂದುಕೊಂಡೆ.

"ರೀ, ಇದೇನ್ರಿ?"

"ಬಿಳಿ."

"ಬಿಳಿ ಅಂತ ಕಾಣ್ತೈತ್ರಿ. ಒಗ್ಗರಣೆ ಎಲ್ಲಿ ಹಾಕ್ಲಿ, ಬಚ್ಚಲದಾಗಾ?"

ಮರುದಿನ ಬೆಳಗ್ಗೆ ಮಂಡಕ್ಕಿ ಒಗ್ಗರಣೆ. ಸಾಸಿವೆ ಚಟಪಟ ಹಾರಿತು, ಅದರ ಹಿಂದೆಯೇ ಅರಿಶಿನದೆಣ್ಣೆ. ನಾನು ಹೌಹಾರಿ ಹಾಕಿದ ಕೂಗಿಗೆ ಪಕ್ಕದ ಮನೆಯವರು ಯಾರಿಗೆ ಏನಾಯಿತೋ ಎಂದು ಓಡಿಬಂದರು. ಅಂದಿನಿಂದ ಒದ್ದೆ ಬಟ್ಟೆ ಹಿಡಿದು ಗಿರಿಜಾಳ ಬೆನ್ನ ಹಿಂದೆ ನಿಲ್ಲುವುದೇ ನನ್ನ ಕೆಲಸವಾಯಿತು. "ನೀವು ಹಿಂಗ ನಿಂತ್ರೆ ಉಪ್ಪು ಹಾಕಿದ್ನೋ ಇಲ್ಲೋ ಮರ್ತು ಹೋಗ್ತೈತ್ರಿ" ಎಂದಳು. ಅದು ಬರೀ ಮಾತಲ್ಲ ಎಂದು ಸಾರು ಉಂಡಾಗ ತಿಳಿಯಿತು.

ಇದೆಲ್ಲ ಏನೂ ಅಲ್ಲ. ಸೋಮವಾರ ಬಂತು. ಪ್ರತಿ ಸೋಮವಾರ ಅವ್ವ ಸ್ನಾನ, ಪೂಜೆ ಮುಗಿಸಿ, ಒಲೆ ಹೊತ್ತಿಸುವ ಮೊದಲು ಅದರ ಹಿಂದಿನ ಗೋಡೆಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಾಳೆ. ಜ್ವರ ಬಂದು ನಡುಗುವಾಗಲೂ ಬಿಟ್ಟವಳಲ್ಲ. ಹಳೆಯ ಕಂದು ಗೋಡೆಯ ಮೇಲೆ ಆ ಮೂರು ಗೆರೆ ವಾರವಿಡೀ ಎದ್ದು ಕಾಣುತ್ತಿದ್ದವು. ಆವತ್ತೂ ಎಳೆದಳು. ಏನೂ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ಎಳೆದಳು. ನೀರು ಹೆಚ್ಚು ಮಾಡಿ ತೇದು ಒತ್ತಿ ಎಳೆದಳು. ಬಿಳಿಯ ಮೇಲೆ ಬಿಳಿ ಎಲ್ಲಿ ಕಾಣಬೇಕು? ಅವ್ವ ನನ್ನ ಕಡೆ ತಿರುಗಿದಳು.

"ಗ್ವಾಡೆ ಬೋಳು ಹಣೆ ಇಟ್ಕಂಡು ನಿಂತೈತಲ್ಲೋ!"

"ವಿಭೂತಿ ಐತವ್ವ, ನಮಗ ಕಾಣ್ತಿಲ್ಲ ಅಷ್ಟೇ. ದೇವರಿಗೆ ಕಾಣ್ತೈತೆ."

"ದೇವ್ರು ಬಂದು ನಿನ್ನ ಕಿವ್ಯಾಗೆ ಹೇಳಿ ಹೋದ್ನಾ?"

ಹತ್ತು ಗಂಟೆಗೆ ಅವ್ವನ ಕೈಯಲ್ಲಿ ಚೀಲ. ಹರಿಹರದಲ್ಲಿರುವ ನನ್ನ ತಂಗಿ ಸುಮಾಳ ಮನೆಗೆ ಹೊರಟಿದ್ದಳು. ಯಾವಾಗ ಬರ್ತೀ ಎಂದರೆ, "ಗ್ವಾಡೆ ಮ್ಯಾಲೆ ವಿಭೂತಿ ಕಂಡ ದಿನ" ಅಂದಳು. ನನಗೆ ಸಿಡಿಲು ಬಡಿದಂತಾಯಿತು. ನನ್ನ ಬದುಕಿನಲ್ಲಿ ಅವ್ವ ಸಿಟ್ಟಾಗಿ ಮನೆ ಬಿಟ್ಟು ಹೋದದ್ದು ಅದೇ ಮೊದಲು. ಮೂರು ದಿನ ಬಿಳಿ ಗೋಡೆ ನೋಡಿದರೆ ಅಳು ಬರುವಂತಾಗುತ್ತಿತ್ತು.

ಗುರುವಾರ ಸ್ಕೂಟರ್ ಏರಿ ಹರಿಹರಕ್ಕೆ ಹೋದೆ. ಸುಮಾಳ ಅಡುಗೆಮನೆಗೆ ಕಾಲಿಟ್ಟವನು ಕಕ್ಕಾಬಿಕ್ಕಿಯಾದೆ. ಅಲ್ಲೂ ಬಿಳಿ ಟೈಲ್ಸ್! ಈ ಕಡೆಯಿಂದ ಆ ಕಡೆವರೆಗೆ ಅದೇ ಅಚ್ಚ ಬಿಳಿ. ಅದರ ಮುಂದೆ ಅವ್ವ ಹಾಯಾಗಿ ರೊಟ್ಟಿ ಬಡಿಯುತ್ತಿದ್ದಾಳೆ. ನನ್ನ ಪಿತ್ತ ನೆತ್ತಿಗೇರಿತು.

"ಮಗಳ ಮನ್ಯಾಗ ಬಿಳಿ ನಡೀತೈತಾ? ನಮ್ಮನ್ಯಾಗಷ್ಟೇ ಬ್ಯಾಡಾ?"

ಅವ್ವ ಹಿಟ್ಟಿನ ಕೈಯಿಂದ ಒಲೆಯ ಹಿಂದೆ ತೋರಿಸಿದಳು. ಅಷ್ಟು ಬಿಳಿಯ ನಡುವೆ ಒಂದೇ ಒಂದು ಕಾಫಿ ಬಣ್ಣದ ಟೈಲ್ಸ್ ಬಿಲ್ಲೆ. ಅದರ ಮೇಲೆ ಮೂರು ಗೆರೆ, ಬೆಳ್ಳಗೆ.

"ಹೋದ ತಿಂಗಳು ಅಂಗಡಿಗೆ ಹೋಗೋಕಿಂತ ಮುಂಚೆ ಅವ್ವಗೆ ಫೋನ್ ಮಾಡಿದ್ದೆ ಅಣ್ಣ" ಎಂದಳು ಸುಮಾ. "ಬಿಳಿ ಹಾಕಿಸ್ತೀನಿ, ನೀನೇನಂತಿ ಅಂದೆ. ಒಂದು ಬಿಲ್ಲೆ ಬ್ಯಾರೆ ಬಣ್ಣದ್ದು ಇರ್ಲಿ ಅಂದ್ಲು, ಅಷ್ಟೇ."

ಒಂದು ಫೋನ್. ಹದಿನೈದು ದಿನ ನನ್ನ ಕೈಯಲ್ಲೂ ಫೋನೇ ಇತ್ತು. ಫೋನೂ ಬೇಕಿರಲಿಲ್ಲ, ಅವ್ವ ಪಕ್ಕದ ಕೋಣೆಯಲ್ಲೇ ಇದ್ದಳು.

"ಚಾ ಅಂಗಡಿಯವನಿಗೆ ತೋರಿಸಿದ್ಯಂತೆ" ಎಂದಳು ಅವ್ವ, ರೊಟ್ಟಿ ತಿರುವಿ ಹಾಕುತ್ತ. "ನಮ್ಮನ್ಯಾಗ ರೊಟ್ಟಿ ಅವ ಬಡೀತಾನೇನು?"

"ತಪ್ಪಾತವ್ವ. ಒಂದು ಬಿಲ್ಲೆ ಕಿತ್ತು ಬ್ಯಾರೆ ಹಾಕಿಸ್ತೀನಿ, ಮನೆಗೆ ಬಾ" ಎಂದೆ. ಅವ್ವ ಗಿರಿಜಾಗೆ ಫೋನ್ ಹಚ್ಚಿಸಿಕೊಂಡು ಹಿತ್ತಲಿಗೆ ಹೋದಳು. ಅತ್ತೆ ಸೊಸೆ ಇಪ್ಪತ್ತು ನಿಮಿಷ ಮಾತಾಡಿದರು, ನಡುನಡುವೆ ನಕ್ಕರು. ಆಮೇಲೆ ಅವ್ವ, ಸುಮಾ ಕೂಡಿ ಟೈಲ್ಸ್ ಅಂಗಡಿಗೆ ಹೊರಟರು. ನಾನೂ ಒಳಗೆ ಕಾಲಿಡಹೋದರೆ, "ನೀನು ಗಾಡಿ ಕಾಯಿ" ಎಂದರು. ಬರುವಾಗ ಅವ್ವನ ಕೈಯಲ್ಲಿ ಪೇಪರ್ ಸುತ್ತಿದ ಒಂದು ಬಿಲ್ಲೆ.

"ಯಾವ ಬಣ್ಣ ಅವ್ವ?"

"ಗಾಡಿ ಹೊಡಿ."

ಮನೆಯ ದಾರಿಯಲ್ಲಿ ಬಾತಿ ಎಂಬ ಊರು ಬರುವ ಹೊತ್ತಿಗೆ ತಡೆಯಲಾಗಲಿಲ್ಲ. ನನ್ನ ಬಿಳಿ ಗೋಡೆಯ ನಟ್ಟನಡುವೆ ಗಿಣಿಹಸಿರು ಬಂದು ಕೂತರೆ? ಮತ್ತೆ ಕೇಳಿದೆ.

"ಹಾಕಿದ ಮ್ಯಾಲೆ ನೋಡುವಂತಿ" ಎಂದಳು ಹಿಂದಿನಿಂದ. "ನಾವೂ ಹಂಗೇ ನೋಡಿದ್ವಿ."

ಸ್ಕೂಟರಿನ ಕನ್ನಡಿಯಲ್ಲಿ ಕಳ್ಳನ ಹಾಗೆ ಇಣುಕಿದೆ. ಪೇಪರಿನ ಒಂದು ಮೂಲೆ ಹರಿದಿತ್ತು. ಅವ್ವ ಅದರ ಮೇಲೆ ಸೆರಗು ಹೊದಿಸಿದಳು.